ಇನ್ನು ಮಳೆಗೆ ಮೂಡು ದಿಕ್ಕು ನೋಡಿ

ಚೌತಿ ಕಳೆದು ಬೆಳಗ್ಗೆ ಒಳ್ಳೆ ಬಿಸಿಲು ಬಿತ್ತು ಅಂದರೆ ಸಾಕು, ನಮ್ಮ ಕರಾವಳಿಯಲ್ಲಿ ಮೂರು ತಿಂಗಳಿಂದ ಒಳಗೆ ಕೂತು ಬೂಸ್ಟು ಹಿಡಿದದ್ದೆಲ್ಲ ಅಂಗಳಕ್ಕೆ ಬರುತ್ತದೆ. ಹಾಸಿಗೆ, ಚಾಪೆ, ಹುಣಸೆ ಹುಳಿ, ಒಣಮೆಣಸು, ಕೊಬ್ಬರಿ. ಹರವಿ, ಖಂಡಿತ ಹರವಿ. ಆದರೆ ಮಧ್ಯಾಹ್ನ 2 ಗಂಟೆಯೊಳಗೆ ಎಲ್ಲ ವಾಪಸ್ ಒಳಗೆ ಬಂದಿರಬೇಕು. ಸೆಪ್ಟೆಂಬರ್ ಕೊನೆಯಿಂದ ದೀಪಾವಳಿವರೆಗೆ ನಮ್ಮ ಮನೆಯಲ್ಲಿ ಇದೊಂದು ಕಟ್ಟುನಿಟ್ಟು.

ಯಾಕೆ ಅಂತ ಹೇಳುತ್ತೇನೆ. ಆಟಿಯ (ತುಳು ತಿಂಗಳು, ಜುಲೈ-ಆಗಸ್ಟ್ ಹೊತ್ತು) ಮಳೆ ಬರುವುದು ಪಡುವಣ ಕಡಲಿನಿಂದ. ಅದಕ್ಕೆ ಹೊತ್ತುಗೊತ್ತು ಇಲ್ಲ, ಗುಡುಗೂ ಕಡಿಮೆ. ಈಗ ಆ ಗಾಳಿಯ ಜೋರು ಇಳಿಯುತ್ತಾ ಬರುತ್ತದೆ. ಮುಂಗಾರು ಸಾಮಾನ್ಯವಾಗಿ ಸೆಪ್ಟೆಂಬರ್ 17ರ ಸುಮಾರಿಗೆ ರಾಜಸ್ಥಾನದ ಕಡೆಯಿಂದ ಹಿಂದೆ ಸರಿಯಲು ಶುರು ಮಾಡಿ, ಅಕ್ಟೋಬರ್ 15ರ ಹೊತ್ತಿಗೆ ಇಡೀ ದೇಶದಿಂದ ಹೋಗುತ್ತದೆ. ಈ ನಡುವಿನ ದಿನಗಳಲ್ಲಿ ಬೆಳಗ್ಗಿನ ಬಿಸಿಲಿಗೆ ನೆಲ ಕಾಯುತ್ತದೆ, ಕಡಲ ಗಾಳಿ ತೇವ ಹೊತ್ತುಕೊಂಡು ಘಟ್ಟದ ಬುಡಕ್ಕೆ ಹೋಗಿ ಮೇಲೇರುತ್ತದೆ, ಅಲ್ಲಿ ಮೋಡ ಕಟ್ಟಿ ಸಂಜೆಗೆ ಮೇಲಿನ ಮೂಡಣ ಗಾಳಿ ಅದನ್ನು ನಮ್ಮ ಕಡೆಗೆ ತಳ್ಳುತ್ತದೆ. ಹಾಗಾಗಿ ಘಟ್ಟದ ಬುಡದ ಬೆಳ್ತಂಗಡಿ, ಸುಳ್ಯದ ಕಡೆ ಮೊದಲು ಸುರಿದು ಆಮೇಲೆ ಕಡಲ ಬದಿಗೆ ಬರುವುದೇ ಜಾಸ್ತಿ.

ಊಟ ಮಾಡಿ ಕೈ ತೊಳೆಯುವಾಗ ಒಮ್ಮೆ ಘಟ್ಟದ ಕಡೆ ನೋಡಿ. ಹೂಕೋಸಿನ ಹಾಗೆ ಬೆಳ್ಳಗೆ ಉಬ್ಬಿದ ಮೋಡ, ಅದರ ಬುಡ ಕಪ್ಪು. ಗಾಳಿ ನಿಂತುಬಿಡುತ್ತದೆ, ಕುತ್ತಿಗೆಯಲ್ಲಿ ಬೆವರು ಇಳಿಯುವಂಥ ಸೆಕೆ. ಆಮೇಲೆ ಒಮ್ಮೆಲೇ ತಣ್ಣನೆ ಗಾಳಿ ಬೀಸಿ ತೆಂಗಿನ ಗರಿ ತಿರುಗಿತು ಅಂದರೆ ನಿಮಗೆ ಸಿಗುವುದು ಕೆಲವೇ ನಿಮಿಷ.

ಒಂದು ನವರಾತ್ರಿಯಲ್ಲಿ ಏಣೆಲು (ಮಳೆಗಾಲದ ಬೆಳೆ) ಭತ್ತ ಬಡಿದು ಅಂಗಳದಲ್ಲಿ ಹರವಿ, ಚುರುಚುರು ಬಿಸಿಲು ಇದೆಯಲ್ಲ ಎಂದು ಮನೆಮಂದಿಯೆಲ್ಲ ದೇವಸ್ಥಾನಕ್ಕೆ ಊಟಕ್ಕೆ ಹೋದೆವು. ಬರುವಾಗ ಅಂಗಳದಲ್ಲಿ ನೀರು ನಿಂತಿತ್ತು. ಅವಸರದಲ್ಲಿ ಒದ್ದೆ ಭತ್ತವನ್ನು ಗುಡಿಸಿ ಚಾವಡಿಯಲ್ಲಿ ರಾಶಿ ಹಾಕಿದೆವು. ಅದೇ ತಪ್ಪಾಯಿತು. ಮೂರನೇ ದಿನ ರಾಶಿಯೊಳಗೆ ಕೈ ಹಾಕಿದರೆ ಬಿಸಿ, ಹುಳಿ ವಾಸನೆ, ಕಾಳಿನ ತುದಿಯಲ್ಲಿ ಬೆಳ್ಳಗೆ ಮೊಳಕೆ. ಎಷ್ಟು ಸಂಕಟ ಆಯಿತು ಅಂತ ಈಗಲೂ ನೆನಪಿದೆ. ಒದ್ದೆ ಆದರೆ ರಾಶಿ ಹಾಕಬೇಡಿ. ಸಾರಣೆ ನೆಲದ ಮೇಲೆ ತೆಳ್ಳಗೆ ಹರವಿ, ಫ್ಯಾನ್ ಹಾಕಿ, ಗಂಟೆಗೊಮ್ಮೆ ಕಾಲಲ್ಲಿ ಎಳೆಯುತ್ತಾ ಇರಿ. ಕೊಬ್ಬರಿಗೂ ಹಾಗೇ, ಒಟ್ಟಿ ಇಟ್ಟರೆ ಬೂಸ್ಟು ಖಂಡಿತ.

ಇನ್ನೊಂದು, ಸೂರ್ಯ ಈಗ ತೆಂಕಣಕ್ಕೆ ವಾಲುತ್ತಾ ಹೋಗುತ್ತಾನೆ. ಮನೆಯ ತೆಂಕು ಬದಿಯಲ್ಲಿ ತೋಟ ಇದ್ದರೆ ಅಡಿಕೆ ಮರದ ನೆರಳು ದಿನದಿಂದ ದಿನಕ್ಕೆ ಅಂಗಳದೊಳಗೆ ಬರುತ್ತದೆ. ಏಪ್ರಿಲ್‌ನಲ್ಲಿ ಹಪ್ಪಳ ಒಣಗಿಸಿದ ಜಾಗಕ್ಕೆ ಈಗ ಬಿಸಿಲು ಸಾಲದು. ಸ್ವಲ್ಪ ಬಡಗು (ಉತ್ತರ) ಬದಿಗೆ ಸರಿಸಿ.

ಸಿಡಿಲಿನ ವಿಷಯದಲ್ಲಿ ಮಾತ್ರ ಸಸಾರ ಬೇಡ. ಘಟ್ಟದ ಕಡೆ ಮೋಡ ಕಪ್ಪಾಗುವಾಗಲೇ, ಗುಡುಗು ಶುರುವಾಗುವ ಮೊದಲೇ ಟಿವಿ, ಫ್ರಿಜ್, ಪಂಪಿನ ಪ್ಲಗ್ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಡಿಶ್ ವಯರು, ಇಂಟರ್ನೆಟ್ ವಯರೂ ಕಳಚಿ, ನಮ್ಮದೊಂದು ಟಿವಿ ಪ್ಲಗ್ ತೆಗೆದಿದ್ದರೂ ಡಿಶ್ ವಯರಿನಿಂದಲೇ ಸುಟ್ಟುಹೋಯಿತು. ಮಿಂಚು ಕಂಡು 30 ಎಣಿಸುವುದರೊಳಗೆ ಶಬ್ದ ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ. ಅಂಗಳದಲ್ಲಿ ಏನೇ ಇರಲಿ, ನೆನೆಯಲಿ ಬಿಡಿ, ನೀವು ಒಳಗೆ ಬನ್ನಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ತೋಟಕ್ಕೆ ಇಳಿಯಬೇಡಿ, ಸ್ನಾನವೂ ಬೇಡ. ಮೊಬೈಲಿನಲ್ಲಿ 'ದಾಮಿನಿ' ಆ್ಯಪ್ ಹಾಕಿಕೊಳ್ಳಿ, ಹತ್ತಿರದಲ್ಲಿ ಸಿಡಿಲು ಇದ್ದರೆ ತೋರಿಸುತ್ತದೆ.

ಹವಾಮಾನ ಇಲಾಖೆಯ ಬಣ್ಣಗಳನ್ನೂ ಸರಿಯಾಗಿ ತಿಳಿದುಕೊಳ್ಳಿ. ಮಳೆ ಲೆಕ್ಕದಲ್ಲಿ ಹಳದಿ ಅಂದರೆ 24 ಗಂಟೆಯಲ್ಲಿ 64.5 ಮಿಲಿಮೀಟರ್‌ನಿಂದ 115.5ರವರೆಗೆ, ಕಿತ್ತಳೆ 204.4ರವರೆಗೆ, ಅದಕ್ಕಿಂತ ಮೇಲೆ ಕೆಂಪು. ಬಣ್ಣ ಇಲ್ಲ ಅಂದ ಮಾತ್ರಕ್ಕೆ ಗುಡುಗು ಮಳೆ ಇಲ್ಲ ಅಂತ ಅಲ್ಲ. ಈ ಕಾಲದ ಮಳೆ ಒಂದು ಊರಿಗೆ ಸುರಿದು ಪಕ್ಕದ ಊರನ್ನು ಬಿಟ್ಟು ಹೋಗುತ್ತದೆ ಅಲ್ವಾ, ಹಾಗಾಗಿ ಮುಂದಿನ 3 ಗಂಟೆಯ ಸೂಚನೆ ನೋಡುವುದು ಹೆಚ್ಚು ಉಪಯೋಗ. ಅರಬ್ಬಿ ಕಡಲಿನ ಚಂಡಮಾರುತಕ್ಕೂ ಇದು ಕಾಲವೇ. 2019ರ ಅಕ್ಟೋಬರ್ ಕೊನೆಗೆ ಕ್ಯಾರ್ ಎದ್ದಾಗ ಹೇಗೆ ಸುರಿಯಿತು, ನೆನಪಿದೆಯಾ? ದೋಣಿಯವರಿಗೆ ಕಡಲಿಗೆ ಇಳಿಯಬೇಡಿ ಎಂದರೆ ಇಳಿಯಬಾರದು, ಅಷ್ಟೇ.

ಅಂಗಳದ ಪಾಚಿ ಒದ್ದೆ ಇರುವಾಗಲೇ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ, ಆದರೆ ಜೊತೆಗೆ ಆಸಿಡ್ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ವಾರಕ್ಕೊಮ್ಮೆ ತೋಟಕ್ಕೆ ಹೋಗಿ ಗೆರಟೆ, ಅಡಿಕೆ ಹಾಳೆ, ರಬ್ಬರ್ ಕಪ್ ಎಲ್ಲ ಮಗುಚಿ ಹಾಕಿ. ಮಳೆ ಬಿಸಿಲು ಒಟ್ಟಿಗೆ ಇರುವಾಗ ಡೆಂಗ್ಯೂ ಸೊಳ್ಳೆಗೆ ಅಷ್ಟು ನೀರೇ ಸಾಕು.

ಸಂಡಿಗೆ ಹಪ್ಪಳಕ್ಕೆ ಈಗಲೇ ಕೈ ಹಾಕಬೇಡಿ. ದೀಪಾವಳಿ ಕಳೆದು, ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಕಾಣಿಸಿದ ಮೇಲೆ ನೋಡೋಣ.