ಅರಿಶಿನದ ಸತ್ವವನ್ನು ಚರ್ಮದೊಳಗೆ ಇಳಿಸಲು ಹೊರಟಾಗ

ಅರಿಶಿನ ಹಚ್ಚಿದರೆ ಮೈ ಹಳದಿಯಾಗುತ್ತದೆ. ಆದರೆ ಬಣ್ಣ ಹತ್ತಿದ ಮಾತ್ರಕ್ಕೆ ಅದರ ಸತ್ವವಾದ ಕರ್ಕ್ಯುಮಿನ್ ಒಳಗಿಳಿದಿದೆ ಎಂದಲ್ಲ. ಕರ್ಕ್ಯುಮಿನ್‌ನ ಅಣುತೂಕ ಸುಮಾರು 368. ಚರ್ಮ ದಾಟುವ ಅಣುಗಳಿಗೆ ವಾಡಿಕೆಯಲ್ಲಿ ಹೇಳುವ 500ರ ಮಿತಿಯೊಳಗೇ ಇದೆ. ತೊಡಕು ಬೇರೆ ಕಡೆ: ನೀರಿನಲ್ಲಿ ಕರಗದು, ಬೆಳಕಿಗೆ ಕೆಡುತ್ತದೆ, ಕ್ಷಾರದಲ್ಲಿ ಬೇಗ ಒಡೆಯುತ್ತದೆ.

ಎಂ.ಫಾರ್ಮ್ (ಔಷಧ ವಿಜ್ಞಾನದ ಸ್ನಾತಕೋತ್ತರ ಪದವಿ) ಯೋಜನೆಗೆ ನಾನು ಎಥೊಸೋಮ್ ಆರಿಸಿಕೊಂಡೆ. ಇದು ಔಷಧವನ್ನು ಹೊತ್ತೊಯ್ಯುವ, ಕೊಬ್ಬಿನ ಗೋಡೆಯ ಅತಿಸಣ್ಣ ಚೀಲ, ಅಂದರೆ ಕೋಶಿಕೆ. ವಿಜ್ಞಾನಿ ಎಲ್ಕಾ ಟುಯಿಟು ಜೆರುಸಲೇಮಿನಲ್ಲಿ ರೂಪಿಸಿದ ಈ ಕೋಶಿಕೆಗಳಲ್ಲಿ ಎಥನಾಲ್ ಪ್ರಮಾಣ ಹೆಚ್ಚು. ಅದು ಕೋಶಿಕೆಯ ಗೋಡೆಯನ್ನು ಮೆತುವಾಗಿಸುತ್ತದೆ, ಚರ್ಮದ ಹೊರಪದರದ ಕೊಬ್ಬನ್ನೂ ಸಡಿಲಿಸುತ್ತದೆ. ಕೋಶಿಕೆಯ ಗೋಡೆಯಾಗುವ ಕೊಬ್ಬಾದ ಲೆಸಿಥಿನ್ ಮತ್ತು ಕರ್ಕ್ಯುಮಿನ್ ಎರಡನ್ನೂ ಎಥನಾಲ್‌ನಲ್ಲಿ ಕರಗಿಸಿ, ಮುಚ್ಚಿದ ಪಾತ್ರೆಯಲ್ಲಿ 30 ಡಿಗ್ರಿಯಲ್ಲಿಟ್ಟು, ಅಷ್ಟೇ ಬೆಚ್ಚಗಿನ ನೀರನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಕಲಕಬೇಕು. ಕೋಶಿಕೆಗಳ ಗಾತ್ರ ತಗ್ಗಿಸಲು ಸೋನಿಕೇಟರ್ (ಶಬ್ದತರಂಗದಿಂದ ಒಡೆಯುವ ಯಂತ್ರ) ಬಳಸುವಾಗ ಪಾತ್ರೆ ಮಂಜುಗಡ್ಡೆಯಲ್ಲಿರಲಿ. ಈ ಹಂತ ಕಷ್ಟವೇನಲ್ಲ.

ನಿಜವಾದ ಪರೀಕ್ಷೆ, ಈ ದ್ರವವನ್ನು ಚರ್ಮಕ್ಕೆ ಹಚ್ಚುವ ಜೆಲ್ ಆಗಿಸುವುದು. ಜೆಲ್‌ಗೆ ಬಳಸುವ ಪಾಲಿಮರ್ ಕಾರ್ಬೋಪಾಲ್ ಗಟ್ಟಿಯಾಗಲು ಟ್ರೈಎಥನಾಲಮೈನ್ ಎಂಬ ಕ್ಷಾರ ಬೇಕು. ಅದರ ಹನಿ ಬಿದ್ದ ಜಾಗದಲ್ಲಿ ಕ್ಷಣಕಾಲ ಕ್ಷಾರ ಏರಿದರೂ ಕರ್ಕ್ಯುಮಿನ್ ಕೆಂಪಾಗಿ ಕೆಡತೊಡಗುತ್ತದೆ. ಆದ್ದರಿಂದ ನಾನು ಮೊದಲು ಬರಿಯ ಜೆಲ್ ಅನ್ನೇ ಪಿಎಚ್ 5.5ರ ಆಸುಪಾಸಿಗೆ ತಂದು, ಆಮೇಲೆ ಎಥೊಸೋಮ್ ದ್ರವವನ್ನು ಅದರಲ್ಲಿ ಮೆಲ್ಲಗೆ ಬೆರೆಸುತ್ತೇನೆ. ಜೆಲ್ ಸೇರಿದಾಗ ಎಥನಾಲ್ ತೆಳುವಾಗುತ್ತದೆ, ಕೋಶಿಕೆಗಳ ಗಾತ್ರವೂ ಬದಲಾಗಬಹುದು. ದ್ರವದಲ್ಲಿ ಅಳೆದ ಗಾತ್ರವನ್ನೇ ಜೆಲ್‌ಗೂ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಜೆಲ್ ಆದ ಮೇಲೆ ಮತ್ತೊಮ್ಮೆ ಅಳೆಯಲೇಬೇಕು.

ಚರ್ಮದ ಮೇಲೆ ಹಚ್ಚಿದ್ದು ಕೆಳಗಿನ ದ್ರಾವಣಕ್ಕೆ ಎಷ್ಟು ದಾಟುತ್ತದೆ ಎಂದು ಅಳೆಯುವ ಸಾಧನ ಫ್ರಾಂಜ್ ಸೆಲ್‌ಗೆ ಹಂದಿಯ ಕಿವಿಯ ಚರ್ಮ ಬಳಸಿದೆ. ತರುವಾಗಲೇ ಕೇಳಿಕೊಳ್ಳಿ: ಕೂದಲು ತೆಗೆಯಲು ಬಿಸಿನೀರಿನಲ್ಲಿ ಅದ್ದಿದ ಕಿವಿಯಾದರೆ ಅದರ ತಡೆಗೋಡೆ ಆಗಲೇ ಹಾಳಾಗಿರುತ್ತದೆ. ಕೆಳಗಿನ ದ್ರಾವಣಕ್ಕೆ ಸ್ವಲ್ಪ ಎಥನಾಲ್ ಸೇರಿಸದಿದ್ದರೆ, ದಾಟಿ ಬಂದ ಕರ್ಕ್ಯುಮಿನ್ ಅಲ್ಲಿ ಕರಗುವುದಿಲ್ಲ.

ಬಹುತೇಕರು ಕೆಳಗೆ ಎಷ್ಟು ಇಳಿಯಿತು ಎಂದಷ್ಟೇ ನೋಡುತ್ತಾರೆ. ಆದರೆ ಕರ್ಕ್ಯುಮಿನ್‌ನಂಥ ಉತ್ಕರ್ಷಣ ನಿರೋಧಕಕ್ಕೆ (ಆಂಟಿಆಕ್ಸಿಡೆಂಟ್) ಇಲ್ಲಿ ಕೆಲಸವಿರುವುದು ಚರ್ಮದಲ್ಲೇ. ರಕ್ತಕ್ಕೆ ಹೋದದ್ದು ನನ್ನ ಉದ್ದೇಶಕ್ಕೆ ನಷ್ಟ. ಹಾಗಾಗಿ ಹೊರಪದರವನ್ನು ಅಂಟುಪಟ್ಟಿಯಿಂದ ಪದರಪದರವಾಗಿ ಎಬ್ಬಿಸಿ, ಉಳಿದ ಚರ್ಮವನ್ನು ಕತ್ತರಿಸಿ ಮೆಥನಾಲ್‌ನಲ್ಲಿ ನೆನೆಸಿ, ಅಲ್ಲಿ ನಿಂತ ಕರ್ಕ್ಯುಮಿನ್ ಅನ್ನು ಅಳೆದೆ. ಎಥೊಸೋಮ್ ಇಲ್ಲದ ಸಾದಾ ಕರ್ಕ್ಯುಮಿನ್ ಜೆಲ್‌ಗಿಂತ ಎಥೊಸೋಮ್ ಜೆಲ್‌ನಲ್ಲಿ ಅದು ಸ್ಪಷ್ಟವಾಗಿ ಹೆಚ್ಚಿತ್ತು. ಕೆಲಕಾಲ ಇಟ್ಟ ಜೆಲ್‌ನಲ್ಲಿ ಸತ್ವ ಉಳಿದಿದೆಯೇ ಎಂಬುದನ್ನು, ಉತ್ಕರ್ಷಣ ನಿರೋಧಕ ಶಕ್ತಿಯನ್ನು ಬಣ್ಣ ಇಳಿಯುವುದರಿಂದ ಅಳೆಯುವ ಡಿಪಿಪಿಎಚ್ ಪರೀಕ್ಷೆಯಿಂದ, 517 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ, ಬೇರೆಯಾಗಿಯೇ ನೋಡಿದೆ.

ಈ ಕೆಲಸಕ್ಕೆ ಇಳಿಯುವವರಲ್ಲಿ ಒಂದು ಕೋರಿಕೆ. ಹೋಲಿಕೆಗೆ ಸಾದಾ ಜೆಲ್ ಸಾಲದು. ಅಷ್ಟೇ ಎಥನಾಲ್ ಇರುವ, ಆದರೆ ಲೆಸಿಥಿನ್ ಇಲ್ಲದ ಕರ್ಕ್ಯುಮಿನ್ ಜೆಲ್ ಒಂದನ್ನೂ ಜೊತೆಗಿಡಿ. ಎಥನಾಲ್ ಒಂದೇ ಚರ್ಮದ ದಾರಿಯನ್ನು ಸಾಕಷ್ಟು ತೆರೆಯುತ್ತದೆ. ಅದರ ಪಾಲನ್ನು ಕಳೆದ ಮೇಲೆ ಉಳಿಯುವುದಷ್ಟೇ ಕೋಶಿಕೆಯ ಕೊಡುಗೆ.