ಕೋಣೆ ಯಾವುದೆಂದು ಹೇಳಿದರೆ ಸಾಕು: ಕಾಲೇಜಿನ ನೆಟ್‌ವರ್ಕ್ ಕೆಲಸ ವಾರ್ಡನ್ ಕೈಗೆ ಬಂದ ಬಗೆ

ನಮ್ಮ ಎಂಜಿನಿಯರಿಂಗ್ ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳಲು ಇರುವವನು ನಾನೊಬ್ಬನೇ. ನನಗೆ ಬರುತ್ತಿದ್ದ ಕರೆಗಳಲ್ಲಿ ಹೆಚ್ಚಿನವು ಮೂರೇ ಬಗೆಯವು. ಹಾಸ್ಟೆಲಿನ ಯಾವುದೋ ಮಹಡಿಯಲ್ಲಿ ವೈಫೈ ನಿಂತಿದೆ. ಪ್ರಾಯೋಗಿಕ ಪರೀಕ್ಷೆಗೆ ಒಂದು ಲ್ಯಾಬಿನ ಕಂಪ್ಯೂಟರುಗಳನ್ನು ಪರೀಕ್ಷಾ ವಿಭಾಗದ ವಿಲ್ಯಾನ್‌ಗೆ (ಅದೇ ನೆಟ್‌ವರ್ಕಿನೊಳಗೆ ಬೇರ್ಪಡಿಸಿದ ಭಾಗಕ್ಕೆ) ಸೇರಿಸಬೇಕು. ಅತಿಥಿ ಉಪನ್ಯಾಸಕರಿಗೆ ವೈಫೈ ಪಾಸ್‌ವರ್ಡ್ ಬೇಕು. ಮೂರೂ ನಿಮಿಷಗಳಲ್ಲಿ ಮುಗಿಯುವ ಕೆಲಸಗಳು. ಆದರೆ ಕರೆ ಬರುವುದು ಮಾತ್ರ ನಾನು ಮದುವೆ ಮನೆಯಲ್ಲಿ ಎಲೆಯ ಮುಂದೆ ಕುಳಿತಾಗಲೇ.

ಆನ್ಸಿಬಲ್ ನನಗೆ ಮೊದಲೇ ಗೊತ್ತಿತ್ತು. 2012ರಲ್ಲಿ ಬಂದ ಈ ಮುಕ್ತ ತಂತ್ರಾಂಶ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕವೇ ಸ್ವಿಚ್‌ಗೆ (ಕೋಣೆಕೋಣೆಯ ನೆಟ್‌ವರ್ಕ್ ಕೇಬಲ್‌ಗಳನ್ನು ಜೋಡಿಸುವ ಯಂತ್ರಕ್ಕೆ) ಹೋಗಿ ಹೇಳಿದ ಕೆಲಸ ಮಾಡಿ ಬರುತ್ತದೆ. ಸ್ವಿಚ್‌ನೊಳಗೆ ಬೇರೇನನ್ನೂ ಹಾಕಬೇಕಿಲ್ಲ. ನಮ್ಮ ಸಿಸ್ಕೋ ಸ್ವಿಚ್‌ಗಳಿಗೆ ಮೂರು ಪ್ಲೇಬುಕ್ (ಆನ್ಸಿಬಲ್‌ಗೆ ಕೊಡುವ ಕೆಲಸದ ಪಟ್ಟಿ) ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಮಯ ತಿಂದದ್ದು ಬೇರೆಯೇ ಸಂಗತಿ. ವಾರ್ಡನ್ ಮೇಡಂಗೆ ಗೊತ್ತಿರುವುದು ‘ಎರಡನೇ ಮಹಡಿ, ಮೆಟ್ಟಿಲ ಪಕ್ಕ’ ಎಂದು. ಸ್ವಿಚ್‌ಗೆ ಗೊತ್ತಿರುವುದು ‘ಗಿಗಾಬಿಟ್ 1/0/14’ ಎಂಬ ಪೋರ್ಟ್, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿ, ಎಂದು. ಇವೆರಡನ್ನೂ ಜೋಡಿಸುವ ಪಟ್ಟಿ ಎಲ್ಲಿಯೂ ಇರಲಿಲ್ಲ. ಕೋಣೆಗಳ ಕೇಬಲ್‌ಗಳು ಬಂದು ಸೇರುವ ಪ್ಯಾಚ್ ಪ್ಯಾನೆಲ್ ಮೇಲೆ ಗುತ್ತಿಗೆದಾರರ ಹುಡುಗರು ಮಾರ್ಕರಿನಲ್ಲಿ ಬರೆದದ್ದು ಅರ್ಧ ಅಳಿಸಿಹೋಗಿತ್ತು, ಉಳಿದರ್ಧವನ್ನು ನಂಬುವಂತಿರಲಿಲ್ಲ.

ವೈಫೈ ಆ್ಯಕ್ಸೆಸ್ ಪಾಯಿಂಟ್‌ಗಳ (ವೈಫೈ ಹರಡುವ ಪೆಟ್ಟಿಗೆಗಳ) ಮಟ್ಟಿಗೆ ಸ್ವಿಚ್‌ನ ಎಲ್‌ಎಲ್‌ಡಿಪಿ ಪಟ್ಟಿಯೇ (ಜೋಡಿಸಿದ ಸಾಧನಗಳು ತಾವು ಯಾರೆಂದು ಸಾರಿಕೊಂಡದ್ದರ ಪಟ್ಟಿ) ಯಾವುದು ಯಾವ ಪೋರ್ಟಿನಲ್ಲಿದೆ ಎಂದು ಹೇಳಿತು. ಲ್ಯಾಬಿನ ಕಂಪ್ಯೂಟರುಗಳನ್ನು ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಹಿಡಿದು ಹುಡುಕಿದೆ. ಖಾಲಿ ಸಾಕೆಟ್‌ಗಳಿಗೆ ಮಾತ್ರ ಅಡ್ಡದಾರಿ ಇರಲಿಲ್ಲ: ಅಟೆಂಡರ್ ಗೋಡೆಯ ಬಳಿ ಟೋನರ್ (ಕೇಬಲಿಗೆ ಸದ್ದಿನ ಸಂಕೇತ ಕಳಿಸುವ ಪುಟ್ಟ ಸಾಧನ) ಸಿಕ್ಕಿಸುವುದು, ನಾನು ರ‍್ಯಾಕ್ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಯಾವ ಕೇಬಲ್ ಕೂಗುತ್ತದೆಂದು ಕೇಳುವುದು. ಸಿಕ್ಕಿದ್ದನ್ನೆಲ್ಲ ನೆಟ್‌ಬಾಕ್ಸ್ ಎಂಬ ನೆಟ್‌ವರ್ಕ್ ದಾಖಲೆಯ ತಂತ್ರಾಂಶದಲ್ಲಿ ದಾಖಲಿಸಿ, ಸ್ವಿಚ್‌ನಲ್ಲಿಯೂ ಪ್ರತಿ ಪೋರ್ಟಿನ ವಿವರಣೆಗೆ ಕೋಣೆಯ ಹೆಸರನ್ನೇ ಬರೆದೆ. ನನ್ನನ್ನು ಕೇಳಿದರೆ ಯಾಂತ್ರೀಕರಣದ ಮುಕ್ಕಾಲು ಪಾಲು ಇದೇ.

ಪ್ಲೇಬುಕ್‌ಗಳನ್ನು ಓಡಿಸಲು ಎಡಬ್ಲ್ಯುಎಕ್ಸ್ ಇಟ್ಟುಕೊಂಡೆ. ರೆಡ್ ಹ್ಯಾಟ್ 2017ರಲ್ಲಿ ಮುಕ್ತವಾಗಿ ಬಿಟ್ಟ ವೆಬ್ ಸಾಧನ ಅದು. ಒಬ್ಬರಿಗೆ ಒಂದು ಕೆಲಸವನ್ನು ನಡೆಸುವ ಹಕ್ಕನ್ನಷ್ಟೇ ಕೊಡಬಹುದು, ಸ್ವಿಚ್‌ನ ಪಾಸ್‌ವರ್ಡ್ ಅವರ ಕಣ್ಣಿಗೂ ಬೀಳುವುದಿಲ್ಲ. ಆದರೆ ಅದರ ಪರದೆ ನನ್ನಂಥವರಿಗಾಗಿ ಮಾಡಿದ್ದು. ಅದನ್ನು ಹಿಂದಿಟ್ಟು, ಮುಂದೆ ಫ್ಲಾಸ್ಕ್ ಎಂಬ ವೆಬ್ ಪುಟ ಕಟ್ಟುವ ಸಾಧನದಲ್ಲಿ ಕನ್ನಡದ ಒಂದು ಪುಟ್ಟ ಪುಟ ಮಾಡಿದೆ: ಕಟ್ಟಡ, ಕೋಣೆ, ಏನಾಗಬೇಕು. ಮೂರೂ ಪಟ್ಟಿಯಿಂದ ಆರಿಸುವಂಥವು. ಟೈಪ್ ಮಾಡುವ ಜಾಗವನ್ನು ಬೇಕೆಂದೇ ಇಡಲಿಲ್ಲ; ಟೈಪ್ ಮಾಡಲು ಬಿಟ್ಟರೆ ‘ರೂಂ 12’, ‘ಆರ್‌ಎಂ ೧೨’, ‘ಮೂಲೆ ರೂಮು’ ಎಲ್ಲವೂ ಬರುತ್ತವೆ.

ಕೆಲಸ ಶುರುವಾಗುವ ಮುನ್ನ ಪ್ಲೇಬುಕ್ ಪೋರ್ಟನ್ನು ಪರೀಕ್ಷಿಸುತ್ತದೆ. ಅದು ಕಂಪ್ಯೂಟರಿನಂಥ ಸಾಧನಕ್ಕೆ ಹೋಗುವ ಆ್ಯಕ್ಸೆಸ್ ಪೋರ್ಟೇ ಅಥವಾ ಇನ್ನೊಂದು ಸ್ವಿಚ್‌ಗೆ ಹೋಗುವ ಟ್ರಂಕೇ? ಟ್ರಂಕ್ ಆದರೆ ಅಲ್ಲಿಗೇ ನಿಲ್ಲುತ್ತದೆ. ವಿವರಣೆಯಲ್ಲಿರುವ ಹೆಸರು ಆರಿಸಿದ ಕೋಣೆಗೆ ಹೊಂದದಿದ್ದರೂ ನಿಲ್ಲುತ್ತದೆ. ವೈಫೈ ಸರಿಪಡಿಸುವ ಗುಂಡಿ ಮಾಡುವುದು ಇಷ್ಟೇ: ಆ ಪೋರ್ಟಿನ ಪಿಒಇ ವಿದ್ಯುತ್ತನ್ನು (ನೆಟ್‌ವರ್ಕ್ ಕೇಬಲಿನಲ್ಲೇ ಹೋಗುವ ವಿದ್ಯುತ್ತನ್ನು) ಕಡಿದು, ಹತ್ತು ಸೆಕೆಂಡು ಬಿಟ್ಟು ಮತ್ತೆ ಕೊಡುವುದು. ವೈಫೈ ಪೆಟ್ಟಿಗೆ ಎದ್ದು ಬರಲು ಸ್ವಲ್ಪ ಹೊತ್ತು ಬೇಕು. ಅದಕ್ಕೇ ಪುಟದಲ್ಲಿ ‘ಆಯಿತು, ಐದು ನಿಮಿಷ ಕಾಯಿರಿ, ಮತ್ತೆ ಒತ್ತಬೇಡಿ’ ಎಂದು ಬರುತ್ತದೆ, ಗುಂಡಿಯೂ ಅಷ್ಟು ಹೊತ್ತು ಮಂಕಾಗಿಯೇ ಇರುತ್ತದೆ. ಬರೀ ಸೂಚನೆಯನ್ನು ನೆಚ್ಚಿಕೊಂಡರೆ ಕೆಲಸ ಕೆಡುತ್ತದೆ. ಲಿಫ್ಟ್‌ನ ಗುಂಡಿಯನ್ನು ನಾವೆಲ್ಲ ಎಷ್ಟು ಸಲ ಒತ್ತುತ್ತೇವೆ ನೋಡಿ.

ವಿಲ್ಯಾನ್ ಬದಲಾವಣೆಗೆ ಇನ್ನೊಂದು ಕಾವಲು. ಸಿಸ್ಕೋ ಸ್ವಿಚ್‌ಗೆ ಬದಲಾವಣೆಗೆ ಮೊದಲೇ ‘ರೀಲೋಡ್ ಇನ್ 5’ ಎಂದು ಹೇಳಿಡಬಹುದು. ಮಧ್ಯೆ ಸಂಪರ್ಕ ತಪ್ಪಿದರೆ ಐದು ನಿಮಿಷಕ್ಕೆ ಸ್ವಿಚ್ ತಾನೇ ಮರುಚಾಲನೆಗೊಂಡು ಮೊದಲು ಉಳಿಸಿಟ್ಟ ಹಳೆಯ ಸಂರಚನೆಗೆ (ಕಾನ್ಫಿಗರೇಶನ್‌ಗೆ) ಮರಳುತ್ತದೆ. ಎಲ್ಲ ಸರಿಯಿದ್ದರೆ ಪ್ಲೇಬುಕ್ ‘ರೀಲೋಡ್ ಕ್ಯಾನ್ಸಲ್’ ಕೊಟ್ಟು ಸಂರಚನೆಯನ್ನು ಉಳಿಸುತ್ತದೆ. ‘ರೀಲೋಡ್ ಇನ್’ ಆದೇಶ ನಡುವೆ ಖಚಿತಪಡಿಸುವಂತೆ ಕೇಳುವುದರಿಂದ ಅದಕ್ಕೆ ಉತ್ತರವನ್ನೂ ಪ್ಲೇಬುಕ್‌ನಲ್ಲೇ ಬರೆದಿರಬೇಕು. ಪರೀಕ್ಷೆ ಒಂದು ದಿನದ್ದು, ಉಳಿಸುವುದೇಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಪರೀಕ್ಷೆಯ ನಡುವೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ, ಸ್ವಿಚ್ ಮತ್ತೆ ಎದ್ದಾಗ ಉಳಿಸದ ಬದಲಾವಣೆ ಇರುವುದಿಲ್ಲ, ಅದಕ್ಕೆ. ಲ್ಯಾಬನ್ನು ಹಳೆಯ ವಿಲ್ಯಾನ್‌ಗೆ ತರುವ ಕೆಲಸ ಅದೇ ಸಂಜೆ ಆರಕ್ಕೆ ತಾನಾಗಿ ನಡೆಯುತ್ತದೆ.

ಮೊದಮೊದಲು ಪರೀಕ್ಷಾ ವಿಭಾಗದ ಗುಮಾಸ್ತರು ಗುಂಡಿ ಒತ್ತಿದ ಮೇಲೂ ಫೋನ್ ಮಾಡಿ, “ಸರ್, ಒತ್ತಿದ್ದೇನೆ, ನೀವೂ ಒಮ್ಮೆ ನೋಡಿಬಿಡಿ” ಎನ್ನುತ್ತಿದ್ದರು. ಪುಟದ ಕೆಳಗೆ ಯಾರು, ಯಾವಾಗ, ಯಾವ ಕೋಣೆಗೆ ಏನು ಮಾಡಿದರು ಎಂಬ ಪಟ್ಟಿ ಕಾಣುವಂತೆ ಮಾಡಿದ ಮೇಲೆ ಆ ಕರೆ ನಿಂತಿತು. ಕಚೇರಿಯವರಿಗೆ ದಾಖಲೆ ಕಂಡರೆ ಧೈರ್ಯ.

ಕೇಳಿದ್ದನ್ನೆಲ್ಲ ಕೊಡಲಿಲ್ಲ. ಫೈರ್‌ವಾಲ್ ನನ್ನ ಬಳಿಯೇ ಇದೆ. ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್ ಇಂಟರ್ನೆಟ್ ನಿಲ್ಲಿಸುವ ಗುಂಡಿಯನ್ನು ಗಂಡುಮಕ್ಕಳ ಹಾಸ್ಟೆಲಿನ ವಾರ್ಡನ್ ಬಹಳ ಕೇಳಿದರು. ಅಂಥ ಗುಂಡಿ ಇದ್ದರೆ ಸಿಟ್ಟು ಬಂದ ರಾತ್ರಿ ಒಂಬತ್ತಕ್ಕೇ ಒತ್ತುತ್ತಾರೆ, ಹುಡುಗರು ನನಗೆ ಫೋನ್ ಮಾಡುತ್ತಾರೆ. ವೇಳೆಯನ್ನು ಪ್ರಾಂಶುಪಾಲರಿಂದ ಲಿಖಿತವಾಗಿ ತರಿಸಿಕೊಂಡು ನಿಗದಿತ ಕೆಲಸವಾಗಿ ಹಾಕಿದೆ. ಬದಲಿಸಬೇಕಾದರೆ ಇನ್ನೊಂದು ಪತ್ರ ಬರಬೇಕು.