ಬೆಕ್ಕು, ಬೇಸ್‌ಮೆಂಟು, ಬಾಗಿಲಿಗೆ ಅಂಟಿಸಿದ ಹಾಳೆ: ಒಂಟಾರಿಯೋಗೆ ಬಂದ ಹೊಸಬರಿಗೆ

ನಮ್ಮ ಮೊದಲ ಚಳಿಗಾಲ ಕಳೆದದ್ದು ಬ್ರಾಂಪ್ಟನ್‌ನ ಒಂದು ಬೇಸ್‌ಮೆಂಟಿನಲ್ಲಿ. ಮಗಳಿಗೆ ಇನ್ನೂ ಗೆಳತಿಯರಿರಲಿಲ್ಲ, ಅವಳಿಗೋಸ್ಕರ ಬೆಕ್ಕು ತಂದೆವು. ಮೂರೇ ವಾರಕ್ಕೆ ಬಾಗಿಲ ಮೇಲೆ ಟೇಪು ಹಚ್ಚಿದ ಹಾಳೆ: ಬೆಕ್ಕು ಕಳಿಸಿ, ಇಲ್ಲಾ ಹತ್ತು ದಿನದಲ್ಲಿ ಮನೆ ಖಾಲಿ ಮಾಡಿ. ಹೆಂಡತಿ ಅವತ್ತೇ ಸೂಟ್‌ಕೇಸು ಇಳಿಸಿದಳು. ಮಡಿಸಿಟ್ಟ ಸ್ವೆಟರುಗಳ ಮೇಲೆ ಬೆಕ್ಕು ಸುರುಳಿ ಸುತ್ತಿಕೊಂಡು ಮಲಗಿತ್ತು, ಮಗಳು ಪಕ್ಕದಲ್ಲೇ ಕೂತು ಅಳುತ್ತಿದ್ದಳು. ಓನರ್ ಬಿಡಿ ಅಂದರೆ ಬಿಡಬೇಕು, ನಮಗೆ ಗೊತ್ತಿದ್ದದ್ದು ಅಷ್ಟೇ ಅಲ್ವಾ?

ಪಕ್ಕದ ಬೀದಿಯ ಮಂಡ್ಯದವರೊಬ್ಬರು ಬಂದು ಹಾಳೆ ಓದಿದರು. 'ಸೂಟ್‌ಕೇಸು ಮೇಲಿಡಿ' ಅಂದರು.

ಒಂಟಾರಿಯೋದ 2006ರ ಬಾಡಿಗೆ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ 'ಸಾಕುಪ್ರಾಣಿ ಇರಬಾರದು' ಅಂತ ಬರೆದಿದ್ದರೂ ಆ ಮಾತಿಗೆ ಬೆಲೆಯಿಲ್ಲ. ನೀವು ಸಹಿ ಹಾಕಿದ್ದರೂ ಅಷ್ಟೇ. ಪ್ರಾಣಿಗೆ ಅಂತ ಬೇರೆ ಡಿಪಾಸಿಟ್ ಕೇಳುವಂತೆಯೂ ಇಲ್ಲ. ಆದರೆ ಸಹಿಗೆ ಮುಂಚೆ, ನಾಯಿ ಇದೆ ಅಂತ ಮನೆ ಕೊಡದೇ ಇರಬಹುದು. ಕಾಂಡೋ (ಒಂದೊಂದು ಮನೆಗೂ ಬೇರೆ ಓನರ್ ಇರುವ ಅಪಾರ್ಟ್‌ಮೆಂಟು) ಆದರೆ ಕಟ್ಟಡದ ನಿಯಮವೇ ಪ್ರಾಣಿಗಳನ್ನು ತಡೆಯಬಹುದು, ಅದನ್ನು ಮೊದಲೇ ಕೇಳಿ ಓದಿ.

ಇನ್ನೊಂದು ವಿಷಯ ನಮ್ಮವರಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಓನರ್ ಅಥವಾ ಅವರ ಮನೆಯವರು ಅದೇ ಮನೆಯಲ್ಲಿದ್ದು, ನೀವು ಅವರ ಜೊತೆ ಅಡುಗೆಮನೆ ಅಥವಾ ಬಚ್ಚಲು ಹಂಚಿಕೊಳ್ಳಲೇಬೇಕಾದರೆ ಈ ಕಾಯ್ದೆ ನಿಮಗೆ ಅನ್ವಯಿಸುವುದೇ ಇಲ್ಲ. ಬಾಡಿಗೆ ಕಮ್ಮಿ ಅಂತ ಅಂಥ ರೂಮು ಹಿಡಿಯುವ ಮುಂಚೆ ಯೋಚನೆ ಮಾಡಿ. ನಮ್ಮ ಬೇಸ್‌ಮೆಂಟಿಗೆ ಬೇರೆ ಅಡುಗೆಮನೆ, ಬೇರೆ ಬಚ್ಚಲು ಇತ್ತು. ನಾವು ಉಳಿದದ್ದು ಅದರಿಂದ.

ಹಾಗಂತ ಪ್ರಾಣಿ ಏನು ಮಾಡಿದರೂ ನಡೆಯುತ್ತೆ ಅಂತಲ್ಲ. ಮನೆ ಹಾಳು ಮಾಡಿದರೆ, ನಾಯಿ ರಾತ್ರಿಯೆಲ್ಲ ಬೊಗಳಿದರೆ ಓನರ್ ಎನ್5 ನೋಟಿಸ್ (ಹಾನಿ, ತೊಂದರೆ ಮಾಡಿದ್ದಕ್ಕೆ ಮನೆ ಬಿಡಿ ಅನ್ನುವ ಅಧಿಕೃತ ನಮೂನೆ) ಕೊಡಬಹುದು. ಮೊದಲ ಎನ್5 ಬಂದಾಗ ಸರಿಪಡಿಸಿಕೊಳ್ಳಲು 7 ದಿನ ಇರುತ್ತೆ. ಸರಿಮಾಡಿದರೆ ಆ ನೋಟಿಸ್ ಬಿದ್ದುಹೋಗುತ್ತೆ. ಯಾರಿಗಾದರೂ ಅಲರ್ಜಿ ಜಾಸ್ತಿಯಾದರೂ ವಿಷಯ ಬಾಡಿಗೆ ತಕರಾರು ತೀರ್ಮಾನಿಸುವ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಬೋರ್ಡಿಗೆ ಹೋಗಬಹುದು. ಪಿಟ್‌ಬುಲ್ ತಳಿಗೆ ಇಲ್ಲಿ 2005ರಿಂದ ನಿಷೇಧವಿದೆ.

ನೋಟಿಸ್ ಬಂದ ಮಾತ್ರಕ್ಕೆ ಹೊರಹಾಕಿದ ಹಾಗಲ್ಲ. ಓನರ್ ಆ ಬೋರ್ಡಿಗೆ ಅರ್ಜಿ ಹಾಕಬೇಕು, ವಿಚಾರಣೆ ನಡೆಯಬೇಕು, ಆದೇಶ ಬರಬೇಕು. ಆಮೇಲೂ ಬೀಗ ಬದಲಿಸಲು ಬರುವುದು ಶೆರಿಫ್ (ಕೋರ್ಟಿನ ಅಧಿಕಾರಿ) ಮಾತ್ರ, ಓನರ್ ಅಲ್ಲ. ಮುನಿಸಿಕೊಂಡು ಬಾಡಿಗೆ ಮಾತ್ರ ನಿಲ್ಲಿಸಬೇಡಿ. ಬೆಕ್ಕಿನ ವಿಷಯದಲ್ಲಿ ಗೆಲ್ಲುವವರು ಬಾಡಿಗೆ ಬಾಕಿಯಲ್ಲಿ ಸೋತು ಮನೆ ಬಿಟ್ಟಿದ್ದಾರೆ.

ಅಂಟಿಸಿದ ಹಾಳೆಯ ಫೋಟೋ ತೆಗೆದಿಡಿ. ಮಾತೆಲ್ಲ ಮೆಸೇಜಿನಲ್ಲೇ ಇರಲಿ. ಆದಾಯ ಕಮ್ಮಿಯಿದ್ದರೆ ಹತ್ತಿರದ ಲೀಗಲ್ ಕ್ಲಿನಿಕ್‌ನಲ್ಲಿ ಉಚಿತವಾಗಿ ಸಲಹೆ ಸಿಗುತ್ತೆ. ಓನರ್ ಜೊತೆ ತಕರಾರು ಮಾಡಿದರೆ ಪಿ.ಆರ್. (ಕಾಯಂ ವಾಸದ ಅನುಮತಿ) ಕೈತಪ್ಪುತ್ತೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಹಾಳೆ ಬಂದ ರಾತ್ರಿ ನನಗೆ ಒಂದು ಫೋನ್ ಮಾಡಿ, ಎಷ್ಟೊತ್ತಾದರೂ ಸರಿ, ಕೂತು ಓದೋಣ.